ಲಕೋಟೆಗೆ ಹತ್ತಿದ ಕುಂಕುಮ

ನನ್ನ ಹೊಟ್ಟೆಕಿಚ್ಚು ಎಂಥದ್ದೆಂದು ನನಗೇ ಸರಿಯಾಗಿ ತಿಳಿದದ್ದು ಒಂದು ಲಕೋಟೆಯಿಂದ.

ನಮ್ಮ ಮನೆ ಲಿಂಗಂಪಲ್ಲಿ ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿದೆ. ಮೇಲಿನ ಮಹಡಿಯಲ್ಲಿ ಆಗ ವಿದೇಶದ ಹುಡುಗಿಯೊಬ್ಬಳು ಬಾಡಿಗೆಗಿದ್ದಳು. ವರ್ಷದಲ್ಲಿ ಆರು ತಿಂಗಳು ಹಿಮ ಬೀಳುವ ದೇಶದವಳು, ಇಲ್ಲಿ ಯಾವುದೋ ಕಂಪನಿಯಲ್ಲಿ ಕೆಲಸ. ಒಳ್ಳೆಯವಳೇ, ಇಲ್ಲ ಎನ್ನಲಾರೆ. ನಮ್ಮ ಅತ್ತೆ ಕೊಟ್ಟ ಶೇಂಗಾ ಚಟ್ನಿಯನ್ನು ಬ್ರೆಡ್ಡಿಗೆ ಸವರಿಕೊಂಡು ತಿನ್ನುತ್ತಿದ್ದಳು, ಅವರನ್ನು ಅಮ್ಮ ಎಂದೇ ಕರೆಯುತ್ತಿದ್ದಳು. ಒಂದು ಸಂಜೆ ದಪ್ಪನೆಯ ಲಕೋಟೆ ಹಿಡಿದು ಕೆಳಗಿಳಿದು ಬಂದಳು. ಅವರ ದೇಶದಲ್ಲಿ ಚುನಾವಣೆಯಂತೆ. ಹೊರದೇಶದಲ್ಲಿ ಇರುವವರಿಗೆ ಮತಪತ್ರ ಅಂಚೆಯಲ್ಲಿ ಮನೆಗೇ ಬರುತ್ತದಂತೆ, ಕೂತಲ್ಲೇ ಮತ ಹಾಕಿ ಅಂಚೆಯಲ್ಲೇ ವಾಪಸು ಕಳಿಸಬಹುದಂತೆ. ಆದರೆ ಇಬ್ಬರು ಸಾಕ್ಷಿಗಳ ಸಹಿ ಬೇಕು, ಅವರು ಯಾವ ದೇಶದವರಾದರೂ ನಡೆಯುತ್ತದೆ. ನೀವೂ ಅಮ್ಮನೂ ಮಾಡುತ್ತೀರಾ ಎಂದು ಇಂಗ್ಲಿಷಿನಲ್ಲಿ ಕೇಳಿದಳು.

ಅದಕ್ಕೇನಂತೆ, ಮಾಡೋಣ ಎಂದೆ. ಒಳಗೆ ಮಾತ್ರ ಧಗಧಗ ಉರಿಯಿತು.

ಯಾಕೆಂದರೆ ಎರಡು ತಿಂಗಳ ಹಿಂದಷ್ಟೇ ನನ್ನ ಊರಿನಲ್ಲೂ ಮತದಾನ ಆಗಿತ್ತು. ನನ್ನ ತವರು ಕಲಬುರಗಿ ಕಡೆ, ಇಲ್ಲಿಂದ ರೈಲಿನಲ್ಲಿ ನಾಲ್ಕು ತಾಸು. ಮದುವೆಯಾಗಿ ಇಲ್ಲಿಗೆ ಬಂದು ಇಪ್ಪತ್ತಾರು ವರ್ಷ. ಅಡ್ಡಹೆಸರು ಬದಲಾಯಿತು, ರೇಷನ್ ಕಾರ್ಡು ಬದಲಾಯಿತು, ಹೊಸ್ತಿಲು ದಾಟಿದರೆ ಭಾಷೆಯೂ ತೆಲುಗು. ಮತದಾರರ ಪಟ್ಟಿಯಲ್ಲಿದ್ದ ಹೆಸರೊಂದನ್ನು ಮಾತ್ರ ನಾನು ಇಲ್ಲಿಗೆ ತರಲಿಲ್ಲ. "ಇಲ್ಲೇ ಬರಸು, ನಡಕೊಂತ ಹೋಗಿ ಹಾಕಿ ಬರಬಹುದು. ಕಾಯ್ದೆನೂ ಅದ ಹೇಳ್ತೈತಿ," ಎಂದು ಗಂಡ ಸಾರಿ ಸಾರಿ ಹೇಳಿದರು. ಒಲ್ಲೆ ಎಂದೆ. ಪ್ರತಿ ಚುನಾವಣೆಗೂ ಊರಿಗೆ ಹೋಗಿ, ಅಕ್ಷರ ಕಲಿತ ಶಾಲೆಯಲ್ಲೇ ಸಾಲು ನಿಲ್ಲುತ್ತಿದ್ದೆ. ಮುಂದೆ ನಿಂತ ಮುದುಕಿಯರು ತಿರುಗಿ ನೋಡಿ, "ಬಂದೇನವಾ ಮಗಳ?" ಎನ್ನುತ್ತಿದ್ದರು. ಆ ಊರಿಗೆ ನಾನು ಇನ್ನೂ ಸೇರಿದವಳು ಎನ್ನಲು ನನ್ನಲ್ಲಿ ಉಳಿದಿದ್ದ ಪುರಾವೆ ಅದೊಂದೇ.

ಈ ಸಲ ಅದೂ ತಪ್ಪಿತು. ಮತದಾನದ ದಿನ ಅಲ್ಲಿ ರಜೆ, ರಾಜ್ಯವೇ ಬೇರೆಯಾದ ಇಲ್ಲಿ ಬರೀ ಮಂಗಳವಾರ. ನಾನು ಅಮೀರ್‌ಪೇಟೆಯ ಕೋಚಿಂಗ್ ಸೆಂಟರ್ ಒಂದರಲ್ಲಿ ರಿಸೆಪ್ಷನ್ನಿಗೆ ಕೂಡುತ್ತೇನೆ. ಅಂದೇ ಹೊಸ ಬ್ಯಾಚು ಶುರು. "ಉಧರ್ ಕೀ ಛುಟ್ಟಿ ಇಧರ್ ಕೈಸಾ, ಮೇಡಂ?" ಎಂದು, ಅಲ್ಲಿಯ ರಜೆ ಇಲ್ಲಿ ಹೇಗೆ ಎಂದು, ರಜೆ ಕೇಳಿದ್ದಕ್ಕೆ ನಮ್ಮ ಸಾರ್ ನಕ್ಕುಬಿಟ್ಟರು. ಮತದಾನದ ಬೆಳಿಗ್ಗೆ ಪ್ಲಾಟ್‌ಫಾರ್ಮಿನಲ್ಲಿ ಲೋಕಲ್ಲಿಗೆ ಕಾಯುತ್ತಿದ್ದಾಗ ಎದುರಿಗೇ ನಮ್ಮೂರ ಕಡೆಯ ಗಾಡಿ ನಿಂತಿತ್ತು. ಇಲ್ಲಿ ಕಟ್ಟಡದ ಕೆಲಸಕ್ಕೆ ಬಂದ ನಮ್ಮ ಸೀಮೆಯ ಜನ ದಿನಗೂಲಿ ಬಿಟ್ಟು, ಮಕ್ಕಳುಮರಿ ಕಟ್ಟಿಕೊಂಡು ಮತ ಹಾಕಲು ಹೊರಟಿದ್ದರು. ನಾನು ಆ ಕಡೆಯೇ ನೋಡುತ್ತಿದ್ದದ್ದನ್ನು ಕಂಡು ಬಾಗಿಲಲ್ಲಿ ಕೂತಿದ್ದ ಒಬ್ಬಳು, "ಬರ್ರೀ ಅಕ್ಕಾರ, ಜಾಗ ಐತಿ!" ಎಂದು ಕೂಗಿದಳು. ನಾನು ತಲೆ ತಗ್ಗಿಸಿ ಲೋಕಲ್ ಹತ್ತಿದೆ. ಅವಳ ಮೇಲೂ ಹೊಟ್ಟೆ ಉರಿದಿತ್ತು.

ಈಗ ನೋಡಿದರೆ ಇವಳು! ಇವಳ ಮತ ಏಳು ಸಮುದ್ರ ದಾಟಿ, ಗಲ್ಲಿ ಕೇಳಿಕೊಂಡು, ಮೆಟ್ಟಿಲು ಹತ್ತಿ ಬಂದಿತ್ತು. ನನ್ನದಕ್ಕೆ ನಾಲ್ಕು ತಾಸಿನ ದಾರಿ ಸಾಗಲಿಲ್ಲ. ಏನು ಪುಣ್ಯ ಮಾಡಿದ್ದಳೋ ಮಹಾರಾಯಿತಿ.

ನಮ್ಮ ಊಟದ ಟೇಬಲ್ಲೇ ಮತಗಟ್ಟೆಯಾಯಿತು. ಸೂಚನೆಯ ಹಾಳೆಯನ್ನು ಅವಳು ನನ್ನ ಕೈಗೆ ಕೊಟ್ಟಳು. ದಿನವಿಡೀ ಫಾರಂ ತುಂಬಿಸುವವಳು ನಾನು, ಒಂದಕ್ಷರ ಬಿಡದೆ ಓದಿದೆ. ಮತಪತ್ರ ಹಾಕುವ ಸಣ್ಣ ಲಕೋಟೆಯ ಮೇಲೆ ಏನೂ ಬರೆಯಕೂಡದು, ಯಾವ ಗುರುತೂ ಇರಕೂಡದು, ಇದ್ದರೆ ಮತ ರದ್ದಾಗಬಹುದು ಎಂದಿತ್ತು. ಆ ಸಣ್ಣದನ್ನು ದೊಡ್ಡ ಲಕೋಟೆಯಲ್ಲಿಟ್ಟು, ಅದರ ಬೆನ್ನಿಗೆ ಸಾಕ್ಷಿಗಳು ಸಹಿ ಹಾಕಬೇಕು. ಹುಡುಗಿ ನಮಗೆ ಬೆನ್ನು ಮಾಡಿ ಬರೆದಳು, ಸಣ್ಣ ಲಕೋಟೆ ಅಂಟಿಸಿ ಟೇಬಲ್ಲಿನ ಮೇಲಿಟ್ಟಳು. ಅಷ್ಟರಲ್ಲಿ ಮೇಲೆ ಅವಳ ಫೋನು ಬಡಿದುಕೊಂಡಿತು. ಒಂದೇ ನಿಮಿಷ ಎಂದು ಓಡಿದಳು.

ನಮ್ಮ ಮನೆಯಿಂದ ಮಂಗಳದ ವಸ್ತು ಯಾವುದೂ ಕುಂಕುಮ ಹತ್ತದೆ ಹೊರಗೆ ಹೋಗುವುದಿಲ್ಲ. ಲಗ್ನಪತ್ರಿಕೆ, ಹೊಸ ಸ್ಕೂಟರು, ಕಡೆಗೆ ನನ್ನ ಮಗನ ಪರೀಕ್ಷೆಯ ಹಾಲ್ ಟಿಕೆಟ್ಟಿಗೂ ಅತ್ತೆ ಕುಂಕುಮ ಹಚ್ಚಿ ಕಳಿಸಿದವರು. ಈಗಲೂ ದೇವರ ಕೋಣೆಗೆ ಹೋಗಿ ಕುಂಕುಮದ ಬಟ್ಟಲು ತಂದರು. ಬೆರಳು ಒದ್ದೆ ಮಾಡಿಕೊಂಡು, "ಭಾಳ ದೂರ ಹೊಂಟೈತಿ, ಸುಖರೂಪ ಮುಟ್ಟಲಿ ನಮ್ಮವ್ವಂದು," ಎನ್ನುತ್ತ ಸಣ್ಣ ಲಕೋಟೆಯ ಮೂಲೆಗೆ ಇಟ್ಟರು.

"ಅತ್ತಿ, ಬ್ಯಾಡ್ರಿ" ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಬಿಟ್ಟೆ. ಮರೆತೆ ಎಂದು ಸುಳ್ಳು ಹೇಳಲಾರೆ. ಹೋಗಲಿ, ಇವಳದೂ ಹೋಗಲಿ, ನನ್ನದು ಹೋಗಲಿಲ್ಲವೇ ಎಂದು ಅನಿಸಿದ್ದು ನಿಜ.

ಅತ್ತೆಯೇ ಅದನ್ನು ದೊಡ್ಡ ಲಕೋಟೆಯೊಳಗೆ ಸರಿಸಿದರು. ಇಳಿದು ಬಂದ ಹುಡುಗಿ ಅಮ್ಮನಿಗೆ ಥ್ಯಾಂಕ್ಸ್ ಹೇಳಿ ಲಕೋಟೆಯ ಬಾಯಿ ಅಂಟಿಸಿದಳು. ಎಲ್ಲವೂ ನಿಯಮದಂತೆ ನಡೆದಿದೆ ಎಂಬ ಸಾಲಿನ ಕೆಳಗೆ ಅತ್ತೆ ಕನ್ನಡದಲ್ಲಿ ಒಂದೊಂದೇ ಅಕ್ಷರ ಕೂಡಿಸಿ ಸಹಿ ಮಾಡಿದರು. ನಾನು ಇಂಗ್ಲಿಷಿನಲ್ಲಿ ಗೀಚಿದೆ. ನೀವು ದಿನಾ ಅಮೀರ್‌ಪೇಟೆಗೆ ಹೋಗುತ್ತೀರಲ್ಲ, ಅಲ್ಲಿಯ ಪೋಸ್ಟಾಫೀಸಿನಲ್ಲಿ ಹಾಕುತ್ತೀರಾ ಎಂದು ಹುಡುಗಿ ಕೇಳಿದಳು. ಅದಕ್ಕೂ ಹೂಂ ಎಂದೆ.

ಎರಡು ದಿನ ಅದು ನನ್ನ ಬ್ಯಾಗಿನಲ್ಲಿ ಟಿಫಿನ್ ಡಬ್ಬಿಯ ಪಕ್ಕದಲ್ಲೇ ಇತ್ತು. ಮೂರನೆಯ ದಿನ ಗಟ್ಟಿ ಮನಸ್ಸು ಮಾಡಿ ಪೋಸ್ಟಾಫೀಸಿಗೆ ಹೋದೆ. ಒಳಗೇನಿದೆ ಎಂದು ಕೌಂಟರಿನವನು ತೆಲುಗಿನಲ್ಲಿ ಕೇಳಿದ. ಓಟು ಎಂದೆ. ವಿಳಾಸ ನೋಡಿ ಅವನ ಹುಬ್ಬು ಮೇಲೇರಿತು. "ಮೀದೇನಾ?" ಎಂದ, ನಿಮ್ಮದೇನಾ ಎಂದು. ಅಲ್ಲ ಎಂದೆ. ನನ್ನದಲ್ಲದ್ದನ್ನು ಕೆಡಿಸಿ ತಂದು ಸಾಲಿನಲ್ಲಿ ನಿಂತಿದ್ದೆ, ಥೂ. ಲಕೋಟೆ ವಾಪಸು ಕಸಿದುಕೊಂಡು ಹೊರಗೆ ಬಂದೆ.

ಅಂದು ಸಂಜೆ ಮೆಟ್ಟಿಲು ಹತ್ತಿ ಹೋಗಿ ಎಲ್ಲ ಹೇಳಿದೆ. ಹುಡುಗಿ ಮೊದಲು ನಕ್ಕಳು. ಪರವಾಗಿಲ್ಲ, ಅಮ್ಮನಿಗೆ ಗೊತ್ತಿರಲಿಲ್ಲವಲ್ಲ ಎಂದಳು.

"ನನಗೆ ಗೊತ್ತಿತ್ತು," ಎಂದೆ.

ಮತ್ತೆ ಯಾಕೆ ಹೇಳಲಿಲ್ಲ ಎಂದಳು. ಹೊಟ್ಟೆಕಿಚ್ಚಿಗೆ ಇಂಗ್ಲಿಷಿನಲ್ಲಿರುವ ಪದ ನನಗೆ ಬರುತ್ತಿತ್ತು, ಅದನ್ನೇ ಹೇಳಿದೆ. ಅವಳ ನಗು ನಿಂತಿತು. ಬೈದಿದ್ದರೆ ಚೆನ್ನಾಗಿತ್ತು. ಅವಳು ಲಕೋಟೆಯನ್ನು ನನ್ನ ಕೈಯಿಂದ ಮೆಲ್ಲಗೆ ತೆಗೆದುಕೊಂಡು ಬಾಗಿಲು ಮುಂದೆ ಮಾಡಿದಳು.

ಹುಡುಗಿ ಬರೆದು ಕೇಳಿಕೊಂಡ ಮೇಲೆ ಅವರ ದೇಶದಿಂದ ಹೊಸ ಮತಪತ್ರ ಬಂತು, ಕಳಿಸಲು ಇನ್ನು ಸ್ವಲ್ಪವೇ ದಿನ ಉಳಿದಿದ್ದಾಗ. ಅವಳು ಅದನ್ನು ಹಿಡಿದು ಕೆಳಗಿಳಿದದ್ದು ಅಡಿಗೆಮನೆಗೆ ಕೇಳಿಸಿತು. ನಾನು ಸೆರಗಿಗೆ ಕೈ ಒರೆಸಿಕೊಂಡು, ಬ್ಯಾಗಿನಿಂದ ಪೆನ್ನು ತೆಗೆದುಕೊಂಡು ಹೊರಗೆ ಬಂದೆ. ಅವಳ ಹಿಂದೆ ಎದುರುಮನೆಯ ತೆಲುಗು ಮೇಷ್ಟರು ನಿಂತಿದ್ದರು. ನನ್ನ ಕೈಯಲ್ಲಿನ ಪೆನ್ನು ಅವಳಿಗೆ ಕಂಡಿತು. ನೀವು ಕೆಲಸದಲ್ಲಿದ್ದೀರಿ, ನಿಮಗೆ ತೊಂದರೆ ಬೇಡ ಎಂದು ಬಹಳ ಮರ್ಯಾದೆಯಿಂದಲೇ ಹೇಳಿದಳು. ಕುಂಕುಮ ಹಚ್ಚಿದ ಅತ್ತೆಯನ್ನು ಕರೆದು ಪಕ್ಕದಲ್ಲೇ ಕೂರಿಸಿಕೊಂಡಳು.

"ಈ ಸಲ ನಾ ಏನೂ ಮುಟ್ಟಂಗಿಲ್ಲ ನೋಡವ್ವಾ," ಎಂದು ಅತ್ತೆ ಎರಡೂ ಕೈ ಮಡಿಲಲ್ಲಿ ಕಟ್ಟಿಕೊಂಡರು. ಮೂವರೂ ನಕ್ಕರು. ನಾನು ಒಳಗೆ ಬಂದು ಒಲೆಯ ಮುಂದೆ ನಿಂತೆ. ಲಕೋಟೆ ಅಂಟಿಸಿದ್ದು, ಮೇಷ್ಟರು ಸಹಿ ಹಾಕಿ ಕುರ್ಚಿ ಸರಿಸಿದ್ದು, ಎಲ್ಲವೂ ಕೇಳಿಸುತ್ತಿತ್ತು.

"ಏ, ಇದು ಮೂಡವಲ್ದು," ಎಂದು ಅತ್ತೆ ಕೂಗಿದರು. "ನಿನ್ನ ಪೆನ್ನರ ಕೊಡು ಇಲ್ಲೆ."

ಹೋಗಿ ಕೊಟ್ಟು ಬಂದೆ.