ಹುಳು ಮನೆಯ ಹೊರಗಿಟ್ಟ ಕ್ಯಾನು

ಇಪ್ಪತ್ತನಾಲ್ಕು ಗಂಟೆಯ ಮೂತ್ರವನ್ನು ಕ್ಯಾನಿನಲ್ಲಿ ಹಿಡಿದು ತನ್ನಿ ಎಂದು ಒಬ್ಬರಿಗೆ ಹೇಳುವುದು ಮೊದಮೊದಲು ಮುಜುಗರದ ಕೆಲಸವಾಗಿತ್ತು. ಚಿಕ್ಕಬಳ್ಳಾಪುರದ ಆಸ್ಪತ್ರೆಯೊಂದರಲ್ಲಿ ಹಾರ್ಮೋನ್ ತೊಂದರೆಗಳ ಅಧ್ಯಯನ ನಡೆಯುತ್ತಿದೆ. ನಾನು ಅದರ ನರ್ಸ್. ಬೆಳಗಿನ ಮೊದಲ ಸಲದ್ದನ್ನು ಬಿಟ್ಟುಬಿಡಿ, ಆಮೇಲಿನದೆಲ್ಲ ಕ್ಯಾನಿಗೆ, ಮರುದಿನ ಬೆಳಗಿನದೂ ಸೇರಿ. ಒಂದು ಸಲ ತಪ್ಪಿದರೂ ಲೆಕ್ಕ ಕಡಿಮೆ ಬಂದು ಫಲಿತಾಂಶ ಕೆಡುತ್ತದೆ. ಎರಡು ವರ್ಷ ಹೇಳಿ ಹೇಳಿ ಇದು ಬಾಯಿಪಾಠವಾಗಿದೆ. ಬಾಯಿಪಾಠವಾದ ಮಾತಿನ ತೊಂದರೆಯೆಂದರೆ, ಆಡದ ದಿನವೂ ಆಡಿದಂತೆಯೇ ನೆನಪಿರುತ್ತದೆ.

ಆಕೆ ದಿಬ್ಬೂರಹಳ್ಳಿ ಹತ್ತಿರದ ಒಂದು ಹಳ್ಳಿಯವರು, ವಯಸ್ಸು ಮೂವತ್ತೈದರ ಆಸುಪಾಸು. ಕೆಲವೇ ತಿಂಗಳಲ್ಲಿ ಮುಖ ದುಂಡಗಾಗಿ ಹೊಟ್ಟೆ ಬಂದಿತ್ತು. ಕೈಕಾಲು ಮಾತ್ರ ಸಣ್ಣಗೇ ಉಳಿದಿದ್ದವು. ಬಿಪಿ, ಸಕ್ಕರೆ ಎರಡೂ ಏರಿದ್ದವು. ಕೆಳಗೆ ಕೂತರೆ ಕೈ ಊರದೆ ಏಳಲಾಗುತ್ತಿರಲಿಲ್ಲ. ಹೊಟ್ಟೆಯ ಮೇಲಿನ ನೇರಳೆ ಬಣ್ಣದ ಗೆರೆಗಳನ್ನು ನೋಡಿದ ನಮ್ಮ ಡಾಕ್ಟರಿಗೆ ಕಾರ್ಟಿಸೋಲ್ ಎಂಬ ಹಾರ್ಮೋನು ಹೆಚ್ಚಾಗಿರಬಹುದೆಂಬ ಅನುಮಾನ ಬಂತು. ಅದೇ ಆಗಿದ್ದರೆ ಕಾರಣ ಹುಡುಕಿ ಚಿಕಿತ್ಸೆ ಮಾಡಬಹುದು. ಅಲ್ಲದಿದ್ದರೆ ಪಥ್ಯದ ಚೀಟಿ ಕೊಟ್ಟು ಮನೆಗೆ ಕಳಿಸುವುದು.

ಆಕೆಯ ಮನೆಯಲ್ಲಿ ಅತ್ತೆ ಆಗಲೇ ತೀರ್ಪು ಕೊಟ್ಟಾಗಿತ್ತು. "ತಿಂದು ಕೂತ್ರೆ ಇನ್ನೇನಾಗ್ತದೆ ಅಂತಾರೆ ಸಿಸ್ಟರ್," ಎಂದರು ಆಕೆ ನಗುತ್ತಲೇ. "ತಿನ್ನೋದಿರ್ಲಿ, ಕೂರಕ್ಕೆ ಟೈಮ್ ಎಲ್ಲಿದೆ ಹೇಳಿ?"

ಕ್ಯಾನು ಬಂದ ದಿನ ಅಳೆದಾಗ ಆರುನೂರು ಎಂಎಲ್ ಇತ್ತು. ಕಡಿಮೆಯೇ. ಫಾರಂನಲ್ಲಿ 'ಸಂಗ್ರಹ ಪೂರ್ತಿಯಾಗಿದೆಯೆಂದು ಕೇಳಿ ಖಚಿತಪಡಿಸಿಕೊಳ್ಳಲಾಗಿದೆ' ಎಂಬ ಸಾಲಿನ ಮುಂದೆ ನನ್ನದೇ ಟಿಕ್ ಇದೆ, ಕೆಳಗೆ ನನ್ನದೇ ಸಹಿ. ಕೆಲವು ದಿನಗಳ ನಂತರ ವರದಿ ಬಂತು: ಕಾರ್ಟಿಸೋಲ್ ಸರಿಯಾಗಿಯೇ ಇದೆ. ಡಾಕ್ಟರು ಅದನ್ನು ಎರಡು ಸಲ ನೋಡಿದರು. "ನೋಡಿದ್ರೆ ಹಾಗನ್ನಿಸಲ್ಲ. ಆದ್ರೆ ವರದಿ ಹೀಗಿದೆಯಲ್ಲ. ಡಯಟ್ ಹೇಳಿ ಕಳಿಸಿಬಿಡಿ," ಎಂದರು.

ಆ ವಾರ ಬೇರೆ ರೋಗಿಗಳನ್ನು ನೋಡಲು ಶಿಡ್ಲಘಟ್ಟದ ಕಡೆ ಹೋಗುವುದಿತ್ತು. ಚೀಟಿಯನ್ನು ಆಕೆಯ ಮನೆಗೇ ಕೊಟ್ಟು ಬರೋಣವೆಂದು ಹೊರಟೆ.

ರೇಷ್ಮೆ ಸಾಕುವ ಹುಳು ಮನೆಯ ಬಾಗಿಲು ಇನ್ನೂ ಹತ್ತು ಹೆಜ್ಜೆ ದೂರವಿತ್ತು. ಅತ್ತೆ ಕೈ ಅಡ್ಡ ಹಿಡಿದರು.

"ಏಮಮ್ಮಾ, ಅಲ್ಲೇ ನಿಂತ್ಕೋ! ಕೈಗೇನು ಬಳ್ಕೊಂಡು ಬಂದಿದ್ದೀಯ, ಘಮ್ ಅಂತದೆ?"

"ಸ್ಯಾನಿಟೈಸರ್ ಅಮ್ಮ. ಕೈ ಶುದ್ಧ ಆಗ್ಲಿ ಅಂತ."

"ನಿನ್ ಕೈ ಶುದ್ಧ, ನನ್ ಹುಳ ಗೋವಿಂದ. ಇನ್ನೆರಡು ದಿನಕ್ಕೆ ಹಣ್ಣಾಗಿ ಗೂಡು ಕಟ್ತವೆ, ಈಗ ಆ ವಾಸ್ನೆ ತೋರ್ಸ್ಬೇಡ." ಚೊಂಬಿನಲ್ಲಿ ನೀರು ಕೊಟ್ಟು ಎರಡೆರಡು ಸಲ ಕೈ ತೊಳೆಸಿದರು. ತೊಳೆಯುತ್ತಿದ್ದಾಗಲೇ ಬೈಗುಳ ಮುಂದುವರಿಯಿತು. "ನಿಮ್ ಆಸ್ಪತ್ರೆಯೋರ್ಗೆ ದಿನ ನೋಡಕ್ಕೂ ಬರಲ್ವಾ? ಹುಳ ನಾಲ್ಕನೇ ಜ್ವರ ಎದ್ದ ದಿನಾನೇ ಆ ಉಚ್ಚೆ ಕ್ಯಾನ್ ಕೊಟ್ ಕಳ್ಸಿದ್ದೀರಿ. ನಾನು ಒಳಕ್ಕೆ ಬಿಡ್ತೀನಾ? ಬೇಲಿ ಪಕ್ಕ ಇಡ್ಸ್ದೆ."

ರೇಷ್ಮೆ ಹುಳು ಪೊರೆ ಬಿಡಲು ಮಲಗುವುದಕ್ಕೆ ಇಲ್ಲಿ ಜ್ವರ ಎನ್ನುತ್ತಾರೆ. ನಾಲ್ಕನೆಯದು ಕೊನೆಯದು. ಅದರಿಂದ ಎದ್ದ ಹುಳುಗಳು ದಿನವಿಡೀ ಸೊಪ್ಪು ತಿನ್ನುತ್ತವೆ, ಸೊಪ್ಪು ಹಾಕುವವರಿಗೆ ಬಿಡುವಿಲ್ಲ. ಚಿಂತಾಮಣಿಯಲ್ಲಿ ಗುಮಾಸ್ತರ ಮಗಳಾಗಿ ಬೆಳೆದ ನನಗೂ ಆ ಮಾತು ಕೇಳಿ ಗೊತ್ತಿತ್ತು. ಹುಳು ಯಾವ ಜ್ವರದಲ್ಲಿವೆಯೆಂದು ದಿನ ಗೊತ್ತುಮಾಡುವಾಗ ಕೇಳಬೇಕೆಂಬುದು ಮಾತ್ರ ಹೊಳೆದಿರಲಿಲ್ಲ.

ಸೊಸೆ ಹೊರಗೆ ಬಂದರು. ಕ್ಯಾನಿಗೆ ಎಷ್ಟು ಸಲದ್ದು ಹಾಕಿದಿರಿ ಎಂದು ಕೇಳಿದೆ.

"ಸಾಯಂಕಾಲ ಒಂದ್ಸಲ, ಬೆಳಿಗ್ಗೆ ಎದ್ದು ಒಂದ್ಸಲ. ಮಧ್ಯೆ ಬೇಲಿ ತನಕ ಯಾರ್ ಹೋಗ್ತಾರೆ ಸಿಸ್ಟರ್? ಕ್ಯಾನ್ ಮುಟ್ಟಿದ್ರೆ ಬಟ್ಟೆ ಬದಲಾಯ್ಸಿ ಒಳಗೆ ಬಾ ಅಂತಾರೆ. ಹಿಪ್ಪುನೇರಳೆ ತೋಟದಲ್ಲೇ ಹೋಗ್ಬಿಟ್ಟೆ."

"ಮತ್ತೆ ನಾನು ಕೇಳ್ದಾಗ ಪೂರ್ತಿ ಇದೆ ಅಂದ್ರಲ್ಲ?"

"ನೀವೆಲ್ಲಿ ಕೇಳಿದ್ರಿ? ತಂದ್ರಾ, ಇಲ್ಲಿಡಿ ಅಂದ್ರಿ. ಇಟ್ಟೆ."

ದೂರುವ ದನಿಯಲ್ಲ. ಇದ್ದದ್ದನ್ನು ಇದ್ದಂತೆ ಹೇಳುವ ದನಿ.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಆಕೆ ಕ್ಯಾನು ತಂದ ದಿನವನ್ನು ನೆನಪಿಸಿಕೊಂಡೆ. ನಾನು ಕೌಂಟರಿನ ಮೇಲೆ ಬಾಗಿ ಕೇಳುತ್ತಿದ್ದೇನೆ, ಆಕೆ ತಲೆಯಾಡಿಸುತ್ತಿದ್ದಾರೆ. ಚಿತ್ರ ಸ್ಪಷ್ಟವಾಗಿತ್ತು, ಆದರೆ ಅದರಲ್ಲಿ ನನ್ನ ಬೆನ್ನೂ ನನಗೆ ಕಾಣುತ್ತಿತ್ತು. ಕಣ್ಣಿಂದ ನೋಡಿದ್ದರಲ್ಲಿ ನನ್ನ ಬೆನ್ನು ಎಲ್ಲಿಂದ ಬರಬೇಕು? ಮನೆಗೆ ಹೋಗಿ ದಿನಚರಿ ತೆರೆದೆ. ಆ ದಿನದ ಪುಟದಲ್ಲಿ ಇದ್ದದ್ದು ಇಷ್ಟೇ: 'ದಿಬ್ಬೂರಹಳ್ಳಿ ಕ್ಯಾನು ಬಂತು. ಕಡಿಮೆ. ಬಿಸಿಲಿಗಿರಬೇಕು.' ಕಾರಣವನ್ನು ನಾನೇ ಊಹಿಸಿ ಬರೆದಿದ್ದೆ. ಕೇಳಿದ್ದವಳು ಊಹಿಸಬೇಕಿತ್ತೇ? ಹಾಗೆಂದು ಕೇಳಲೇ ಇಲ್ಲ ಎಂದು ಹೇಳಲೂ ಈ ಮೂರು ಮಾತು ಸಾಲುವುದಿಲ್ಲ. ಇವತ್ತಿಗೂ ನನಗೆ ಗೊತ್ತಿಲ್ಲ.

ಮರುದಿನ ಡಾಕ್ಟರಿಗೆ ಹೇಳಿದೆ. ಒಂದು ಸಲ ಮತ್ತೆ ಸಂಗ್ರಹಿಸಲು ಅಧ್ಯಯನದಲ್ಲಿ ಅವಕಾಶವಿದೆ, ಕಾರಣ ಬರೆಯಬೇಕು.

"ಪೇಷೆಂಟ್ ಸೂಚನೆ ಪಾಲಿಸಲಿಲ್ಲ ಅಂತ ಹಾಕಿ, ಎಲ್ಲರೂ ಹಾಗೇ ಹಾಕೋದು," ಎಂದರು ಅವರು.

"ಅದು ನಿಜ ಅಲ್ಲ ಸಾರ್."

"ಹಾಗಾದ್ರೆ ನಿಮ್ಮ ಮೇಲೆ ಬರತ್ತೆ."

"ಬರ್ಲಿ ಸಾರ್."

ನಮ್ಮ ಫಾರಂಗಳಲ್ಲಿ ತಪ್ಪನ್ನು ಅಳಿಸುವಂತಿಲ್ಲ. ಹಳೆಯದು ಓದಲು ಬರುವಂತೆ ಒಂದೇ ಗೆರೆ ಎಳೆದು ಪಕ್ಕದಲ್ಲಿ ಸಹಿ, ತಾರೀಖು ಹಾಕಬೇಕು. ಟಿಕ್ಕಿನ ಮೇಲೆ ಗೆರೆ ಎಳೆದು ಬರೆದೆ: 'ಕೇಳಿದ ಬಗ್ಗೆ ನರ್ಸಿಗೆ ಖಚಿತವಿಲ್ಲ. ಮನೆಯ ಕೆಲಸದ ದಿನಗಳನ್ನು ವಿಚಾರಿಸದೆ ದಿನಾಂಕ ಕೊಡಲಾಗಿತ್ತು.' ಡಾಕ್ಟರು ಓದಿ ಸಹಿ ಮಾಡಿದರು.

ಈ ಸಲ ದಿನ ಗೊತ್ತುಮಾಡಿದ್ದು ಅತ್ತೆ, ಫೋನಿನಲ್ಲಿ. "ಗೂಡು ಮಾರ್ಕೆಟ್‌ಗೆ ಹೋಗ್ಲಿ. ಮನೆ ತೊಳೆದು ಸುಣ್ಣ ಹೊಡೀತೀವಿ. ಮುಂದಿನ ಹುಳ ಬರೋವರ್ಗೂ ಒಂದು ವಾರ ಖಾಲಿ. ಆಗ ಎಷ್ಟ್ ಕ್ಯಾನ್ ಬೇಕಾದ್ರೂ ತುಂಬ್ಸ್ಕೊ."

ಕ್ಯಾನನ್ನು ಗೋಣಿಚೀಲದಲ್ಲಿ ಸುತ್ತಿ ಅತ್ತೆಯೇ ಹೊತ್ತು ತಂದರು, ಸೊಸೆ ಹಿಂದೆ ಬಂದರು. "ಕಂಡಕ್ಟರ್ ಕೇಳ್ದ, ಏನಜ್ಜಿ ಹಾಲಾ ಅಂತ. ಬೇಕಾ ಒಂದು ಲೋಟ ಅಂದೆ," ಎಂದು ನಕ್ಕರು. ಕ್ಯಾನಿನಲ್ಲಿ ಎರಡು ಲೀಟರಿನ ಹತ್ತಿರ ಇತ್ತು. ಎಷ್ಟು ಸಲ, ಎಷ್ಟೆಷ್ಟು ಹೊತ್ತಿಗೆ ಎಂದು ಕೇಳಿ, ಹೇಳಿದ್ದನ್ನೆಲ್ಲ ಅವರೆದುರೇ ಬರೆದುಕೊಂಡೆ.

ವರದಿ ಬಂತು. ಕಾರ್ಟಿಸೋಲ್ ಇರಬೇಕಾದ್ದಕ್ಕಿಂತ ಬಹಳ ಹೆಚ್ಚಿತ್ತು. ಇಬ್ಬರನ್ನೂ ಕರೆಸಿದೆವು. ಅತ್ತೆ ಹೊರಗೆ ಬೆಂಚಿನ ಮೇಲೆ ಕೂತಿದ್ದರು. ಒಳಗೆ ಸೊಸೆಗೆ ನಾನೇ ವಿವರಿಸಿದೆ: ಇನ್ನೊಂದು ಪರೀಕ್ಷೆ, ಆಮೇಲೆ ಸ್ಕ್ಯಾನ್, ಮೈ ಬಂದಿರುವುದು ಊಟದಿಂದಲ್ಲ, ಒಂದು ಗ್ರಂಥಿಯ ಕೆಲಸ ತಪ್ಪಿರುವುದರಿಂದ.

ಗುಣವಾಗುತ್ತದೆಯೇ ಎಂದು ಕೇಳಬಹುದೆಂದು ಕಾದೆ. ಆಕೆ ಎದ್ದು ಬಾಗಿಲು ತೆರೆದರು.

"ಅತ್ತೆ, ಒಳಗೆ ಬನ್ನಿ. ಸಿಸ್ಟರ್, ಈಗ ಹೇಳಿದ್ರಲ್ಲ, ಊಟದ್ದು. ಇವರ ಮುಂದೆ ಇನ್ನೊಂದ್ಸಲ ಹೇಳಿ."

ಹೇಳಿದೆ, ನಿಧಾನವಾಗಿ, ಮೊದಲಿಂದ. ಅತ್ತೆ ಗೋಡೆಯ ಕಡೆ ನೋಡುತ್ತ ಕೇಳಿಸಿಕೊಂಡರು.

"ಆಯ್ತು, ಕೇಳಿಸ್ತು," ಎಂದರು ಕೊನೆಗೆ. ಆಮೇಲೆ ಸೊಸೆಯ ಕಡೆ ತಿರುಗಿ, "ಸ್ಕ್ಯಾನು ಯಾವತ್ತು ಅಂತ ಕೇಳ್ಕೊ. ಅವತ್ತು ಹುಳ ನಾನು ನೋಡ್ಕೊಂತೀನಿ."