ಅತ್ತೆಗೆ ಹಾಕಿಸದ ಲಸಿಕೆ

ಬ್ಯಾಡಗಿಯಲ್ಲಿ ಮೆಣಸಿನಕಾಯಿ ಸುಗ್ಗಿ ನಡೆದಿರುವಾಗ ಕೆಮ್ಮಿದವರನ್ನು ಯಾರೂ ತಿರುಗಿ ನೋಡುವುದಿಲ್ಲ. ಘಾಟು ಬೀದಿಯಲ್ಲೇ ಇರುತ್ತದೆ. ಹೊಸಬರು ಸೀನುತ್ತಾರೆ, ನಾವು ಕೆಮ್ಮುತ್ತೇವೆ, ಒಂದು ಚೂರು ಬೆಲ್ಲ ಬಾಯಿಗೆ ಹಾಕಿಕೊಂಡು ಮುಂದಿನ ಚೀಲ ಬಿಚ್ಚುತ್ತೇವೆ. ವ್ಯಾಪಾರಿಗಳು ಕಳಿಸಿದ ಕಾಯಿಯ ತೊಟ್ಟು ಬಿಡಿಸುವುದು ನನ್ನ ಮತ್ತು ಅತ್ತೆಯ ಕೆಲಸ. ಅವರ ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು.

ಆ ಸುಗ್ಗಿಯ ಶುರುವಿನಲ್ಲಿ ನನ್ನ ಮಗಳಿಗೆ ಒಂದೂವರೆ ತಿಂಗಳು. ಲಸಿಕೆ ಹಾಕಿಸಲು ಇಬ್ಬರೂ ಸರ್ಕಾರಿ ಆಸ್ಪತ್ರೆಗೆ ಹೋದೆವು. ಇದರಲ್ಲೊಂದು ನ್ಯುಮೋನಿಯಾ ತಡೆಯಲು ಎಂದು ನರ್ಸಕ್ಕ ಹೇಳಿದಾಗ ಅತ್ತೆ ನಕ್ಕರು.

“ಹಂಗಾರ ಈ ಮುದುಕಿಗೂ ಒಂದು ಚುಚ್ಚಿಬಿಡ್ರಿ.”

ನರ್ಸಕ್ಕ ನಗಲಿಲ್ಲ. “ನಿಮಗ ಸಕ್ಕರಿ ಕಾಯಿಲೆ ಐತೇನ್ರಿ?”

“ಐತ್ರಿ. ಉಬ್ಬಸಾನೂ ಐತಿ.”

“ಹಂಗಿದ್ರ ಖರೇನ ಹಾಕಿಸ್ಕೋಬೇಕ್ರಿ. ದೊಡ್ಡವರಿಗೆ ನಮ್ಮ ಕಡೆ ಹಾಕೂದಿಲ್ಲ. ನಿಮ್ಮ ಡಾಕ್ಟರನ್ನ ಕೇಳ್ರಿ.”

ಅತ್ತೆ ಹಾವೇರಿಯ ಡಾಕ್ಟರನ್ನು ಕೇಳಿಯೂ ಬಂದರು. ತರಿಸಿಡುತ್ತೇನೆ, ಮುಂದಿನ ವಾರ ಬನ್ನಿ ಎಂದರಂತೆ. ನನ್ನ ಗಂಡ ರಾಣೆಬೆನ್ನೂರಿನ ಬೀಜದಂಗಡಿಯಲ್ಲಿ ಕೆಲಸಕ್ಕಿದ್ದಾರೆ, ಬೆಳಿಗ್ಗೆ ಹೋದರೆ ಸಂಜೆಗೇ ಬರುವುದು. ಅವ್ವನನ್ನು ಕರೆದುಕೊಂಡು ಹೋಗುವ ಜವಾಬ್ದಾರಿ ನನಗೆ ವಹಿಸಿದರು.

ಪಡಸಾಲೆಯಲ್ಲಿ ಚೀಲಗಳು ತೊಲೆ ಮುಟ್ಟುವಷ್ಟು ಏರಿದ್ದವು. ಸೂಜಿ ಚುಚ್ಚಿದರೆ ತೋಳು ನೋಯುತ್ತದೆ, ಒಂದೆರಡು ದಿನ ಜ್ವರವೂ ಬರಬಹುದು ಎಂದು ಕೇಳಿದ್ದೆ. “ಕಾಯಿ ಮುಗೀಲಿ ತಡೀರಿ ಅತ್ತಿ. ನೀವು ಮಲಕೊಂಡ್ರ ಕೂಸು ಕಟ್ಟಿಕೊಂಡು ನಾ ಒಬ್ಬಾಕಿ ಏನ್ ಮಾಡ್ಲಿ?” ಎಂದೆ.

“ಆತ ಬಿಡು,” ಎಂದರು. ಆಮೇಲೆ ಮತ್ತೆರಡು ಸಲ ಕೇಳಿದರು. ಕೊನೆಯ ಸಲ ನಾನು ಸಿಡುಕಿದೆ. ಮತ್ತೆ ಕೇಳಲಿಲ್ಲ.

ಅವರಿಗೆ ಕೆಮ್ಮು ಶುರುವಾದಾಗ ನಾನು ಬೆಲ್ಲ ಕೊಟ್ಟೆ. ಮರುದಿನವೂ ಬೆಲ್ಲ. ಮಳೆಗಾಲವಾಗಿದ್ದರೆ ಮೊದಲ ದಿನವೇ ಆಸ್ಪತ್ರೆಗೆ ಓಡುತ್ತಿದ್ದೆನೇನೋ. ಸುಗ್ಗಿಯಲ್ಲಿ ಕೆಮ್ಮು ಅಂದರೆ ಘಾಟು, ಅಷ್ಟೇ. ನಾಲ್ಕನೆಯ ದಿನ, ಮಟಮಟ ಮಧ್ಯಾಹ್ನ, ಆ ಬಿಸಿಲಿನಲ್ಲಿ ಅವರು ಕಂಬಳಿ ಕೇಳಿದರು. ಆಗ ಕೈಯಲ್ಲಿದ್ದ ಕಾಯಿ ಬಿಟ್ಟು ಅವರ ಹಣೆ ಮುಟ್ಟಿದೆ, ಸುಡುತ್ತಿತ್ತು.

ಹಾವೇರಿಗೆ ಮುಟ್ಟುವಷ್ಟರಲ್ಲಿ ಅವರಿಗೆ ಏದುಸಿರು ಬರುತ್ತಿತ್ತು. ರಾಣೆಬೆನ್ನೂರಿನಿಂದ ಗಂಡನೂ ಓಡೋಡಿ ಬಂದರು. ಎಕ್ಸ್‌ರೇ ನೋಡಿದ ಡಾಕ್ಟರು ನ್ಯುಮೋನಿಯಾ ಎಂದರು.

“ಲಸಿಕಿ ಹಾಕಿಸ್ರಿ ಅಂದಿದ್ನೆಲ್ಲ, ಯಾಕ ಬರಲಿಲ್ಲ?”

ಗಂಡ ನನ್ನ ಕಡೆ ತಿರುಗಿದರು. ಅಷ್ಟರಲ್ಲಿ ಅತ್ತೆ ಮೂಗಿನ ಮೇಲಿದ್ದ ಆಕ್ಸಿಜನ್ ಮಾಸ್ಕನ್ನು ಕೈಯಿಂದ ಸರಿಸಿದರು.

“ಆಕಿ ದಿನಾ ಬಡಕೊಂಡ್ಲಪ್ಪ. ನಾನ ಒಲ್ಲೆ ಅಂದೆ. ಆಕಿಗೇನೂ ಅನಬ್ಯಾಡ.”

ನಾನು ಅಲ್ಲ ಅನ್ನಬೇಕಿತ್ತು. ಅನ್ನಲಿಲ್ಲ. ಆಸ್ಪತ್ರೆ ಸೇರಿದ ಮೂರನೆಯ ದಿನ ಅವರು ಹೋಗಿಬಿಟ್ಟರು. ಲಸಿಕೆ ಹಾಕಿಸಿದ್ದರೆ ಉಳಿಯುತ್ತಿದ್ದರು ಎಂದು ಖಾತ್ರಿ ಹೇಳಲಾಗದು, ಆದರೆ ಅಪಾಯ ಕಡಿಮೆ ಇರುತ್ತಿತ್ತು ಎಂದರು ಡಾಕ್ಟರು. ಆ ‘ಆದರೆ’ ನನ್ನನ್ನು ಬಿಟ್ಟಿಲ್ಲ.

ಈಗಲೂ ಮನೆಗೆ ಬಂದ ನೆಂಟರ ಮುಂದೆ ಗಂಡ ಹೇಳುತ್ತಾರೆ: “ನಮ್ಮವ್ವ ಭಾಳ ಹಟಮಾರಿ. ಸೊಸಿ ಎಷ್ಟು ಹೇಳಿದ್ರೂ ಕೇಳಲಿಲ್ಲ.” ನೆಂಟರು ನನ್ನನ್ನು ಮರುಕದಿಂದ ನೋಡುತ್ತಾರೆ. ನಾನು ಎಲ್ಲರಿಗೂ ಚಹಾ ಕೊಟ್ಟು ಒಳಗೆ ಹೋಗುತ್ತೇನೆ.