ಕಣ್ಣಾರೆ ಕಂಡು ಬರೆದ ಕೂಲಿ

ಆಯಮ್ಮನ ಹಣೆಯ ಮೇಲೆ, ಕುಂಕುಮಕ್ಕಿಂತ ಒಂದು ಬೆರಳು ಮೇಲೆ, ಬುಗುಟು ಎದ್ದಿರುತ್ತಿತ್ತು. ಅದು ನಮ್ಮ ಬಾಗಿಲು ಕೊಟ್ಟದ್ದು. ಆಳು ಎತ್ತರ, ನಮ್ಮ ಬಾಗಿಲು ಗಿಡ್ಡ. ಬಗ್ಗಿ ಬನ್ನಿ ಎಂದು ಎಷ್ಟು ಹೇಳಿದರೂ ಹಣೆ ಬಡಿಸಿಕೊಂಡೇ ಒಳಗೆ ಬರುತ್ತಿದ್ದರು. "ಸರ್ಕಾರ ಬಂತು ನೋಡೇ" ಎಂದು ನಮ್ಮ ಯಜಮಾನರು ಮಗ್ಗದ ಗುಂಡಿಯಲ್ಲಿ ಕೂತೇ ನಗುತ್ತಿದ್ದರು.

ಹುಟ್ಟಿದ್ದು ಚಳ್ಳಕೆರೆಯಲ್ಲಿ, ಎಣ್ಣೆ ಮಿಲ್ಲಿನ ಹಮಾಲಿಯ ಮಗಳಾಗಿ. ಅರ್ಥಶಾಸ್ತ್ರ ಓದಿ ಸರ್ಕಾರದ ಕೆಲಸಕ್ಕೆ ಸೇರಿದವರು. ಚೀಲದಲ್ಲಿ ಸದಾ ಹುರಿದ ಶೇಂಗಾ. ಮಾತಾಡುತ್ತ ಸಿಪ್ಪೆಯನ್ನು ನೆಲದ ಮೇಲೆ ಹಾಕಿ, ಆಮೇಲೆ ಪೊರಕೆ ಕೇಳಿ ತಾವೇ ಗುಡಿಸುತ್ತಿದ್ದರು. ಗುಡಿಸಲು ಬರುತ್ತಿರಲಿಲ್ಲ. ಅವರು ಹೋದ ಮೇಲೆ ನಾನು ಮತ್ತೆ ಗುಡಿಸಬೇಕಿತ್ತು.

ಮೊದಲ ದಿನವೇ ಕೇಳಿದೆ: "ನಿಮ್ದು ಏನು ಕೆಲ್ಸ ಅಮ್ಮ?"

"ಯಾವ ಕೆಲ್ಸಕ್ಕೆ ಎಷ್ಟು ಕೂಲಿ ಕೊಡ್ಬೇಕು ಅಂತ ಲೆಕ್ಕ ಹಾಕಿ ಸರ್ಕಾರಕ್ಕೆ ಹೇಳೋದು ಅಕ್ಕ."

"ಹೇಳಿದ್ರೆ ಕೇಳ್ತೈತಾ?"

"ಕೇಳ್ತೈತೆ. ಕೇಳಿ ಮರೀತೈತೆ."

ಸೀರೆಗೆ ನೇಕಾರರ ಸೊಸೈಟಿ ಕೊಡುವ ನೇಯ್ಗೆ ಕೂಲಿಯನ್ನು ಹೊಸದಾಗಿ ಗೊತ್ತುಮಾಡಲು ಅವರನ್ನು ನಮ್ಮ ಮೊಳಕಾಲ್ಮೂರಿಗೆ ಕಳಿಸಿದ್ದರು. ಬೇರೆ ಸಾಹೇಬರಾಗಿದ್ದರೆ ಆಫೀಸಿನಲ್ಲಿ ನಾಲ್ಕು ಜನರನ್ನು ಕೇಳಿ ಬಸ್ಸು ಹತ್ತುತ್ತಿದ್ದರು. ಆಯಮ್ಮ ಹಾಗಲ್ಲ. "ಕಣ್ಣಲ್ಲಿ ಕಂಡಿದ್ದನ್ನೇ ಬರೀಬೇಕು, ಕೇಳಿ ಬರೆದ್ರೆ ಪಾಪ" ಎನ್ನುವುದು ಅವರ ಮಾತು. ಒಂದು ಸೀರೆ ಮುಗಿಯಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಮಗ್ಗದ ಪಕ್ಕದಲ್ಲೇ ಕೂತು ನೋಡುತ್ತೇನೆ ಎಂದರು. ಕೆಲಸ ಕೆಟ್ಟದ್ದು ಅಲ್ಲೇ.

ಮನೆಗೆ ಸರ್ಕಾರ ಬಂದು ಕೈಕೆಲಸ ನೋಡುತ್ತದೆ ಎಂದರೆ ಯಾವ ನೇಕಾರ ಸುಮ್ಮನಿರುತ್ತಾನೆ? ನಮ್ಮವರು ಸ್ನಾನ ಮಾಡಿ ಮಡಿ ಪಂಚೆ ಉಟ್ಟು ಗುಂಡಿಗೆ ಇಳಿದರು. ಬೀಡಿ ಇಲ್ಲ, ಟೀ ಇಲ್ಲ. ಬೇಕಾದ ನೂಲನ್ನೆಲ್ಲ ನಾನು ಹಿಂದಿನ ದಿನವೇ ಸುತ್ತಿಟ್ಟಿದ್ದೆ. ಎಳೆ ಕಡಿದರೆ ಹಾರಿ ಬಂದು ಗಂಟು ಹಾಕುತ್ತಿದ್ದೆ. ಲಾಳಿ ಅತ್ತಿಂದಿತ್ತ ಹೋಗುವುದು ಕಾಣುತ್ತಿರಲಿಲ್ಲ, ಸದ್ದು ಮಾತ್ರ.

"ದಿನಾ ಹಿಂಗೇನಾ ಅಣ್ಣ?" ಎಂದರು ಆಯಮ್ಮ.

"ನಮ್ಮ ಕೈ ಇರೋದೇ ಹಿಂಗೆ" ಎಂದರು ಇವರು.

ಸುದ್ದಿ ಕೇರಿಗೆ ಹರಡಿತು. ಆಯಮ್ಮ ಮುಂದೆ ಯಾವ ಮನೆಗೆ ಹೋದರೂ, ನಾನೇನು ಅವನಿಗಿಂತ ಕಮ್ಮಿಯಾ ಎಂದು ಒಬ್ಬರಿಗಿಂತ ಒಬ್ಬರು ಬಿರುಸಾಗಿ ನೇಯ್ದರು. ಆಯಮ್ಮ ಕಣ್ಣಾರೆ ಕಂಡದ್ದನ್ನೇ ಬರೆದುಕೊಂಡು ಹೋದರು.

ಏರಬೇಕಿದ್ದ ಕೂಲಿ ಇಳಿಯಿತು. ಇಷ್ಟು ಬೇಗ ಆಗುವ ಕೆಲಸಕ್ಕೆ ಅಷ್ಟು ಯಾಕೆ ಎಂದರಂತೆ ಮೇಲಿನವರು. ಕೇರಿಯಲ್ಲಿ ಆಯಮ್ಮನಿಗೆ ಬಿದ್ದ ಬೈಗುಳವನ್ನು ಇಲ್ಲಿ ಬರೆಯಲಾರೆ. ಲಂಚ ತಿಂದವಳು ಎಂದವರೂ ಇದ್ದರು. ಅದು ಆಯಮ್ಮನ ಕಿವಿಗೂ ಬಿತ್ತು, ಓಡಿ ಬಂದರು. ನಾನು ಕೂರಿ ಎನ್ನಲಿಲ್ಲ.

"ಅಕ್ಕ, ನೋಡಿದ್ದನ್ನೇ ಬರೆದಿದೀನಿ."

"ನೀವು ನೋಡಿದ್ದು ಕೆಲ್ಸ ಅಲ್ಲಮ್ಮ, ಮೆರವಣಿಗೆ. ನೆಂಟ್ರು ಬಂದಾಗ ಹೋಳಿಗೆ ಹಾಕ್ತೀವಿ. ಅದನ್ನ ನೋಡಿ ಇವ್ರು ದಿನಾ ಹೋಳಿಗೆ ತಿಂತಾರೆ ಅಂತ ಬರೆದ್ರೆ ಹೆಂಗೆ?"

ಆಯಮ್ಮ ಯಜಮಾನರ ಕಡೆ ತಿರುಗಿ, "ಹೌದಾ ಅಣ್ಣ?" ಎಂದರು. ಇವರು "ನೋರು ಮೂಸ್ಕೋವೇ" ಎಂದು ನನ್ನ ಬಾಯಿ ಮುಚ್ಚಿಸಲು ನಮ್ಮ ಮನೆಮಾತು ತೆಲುಗಿನಲ್ಲಿ ಗದರಿದರು. ಚಳ್ಳಕೆರೆಯವರಿಗೆ ತೆಲುಗು ಬಾರದೆ ಇರುತ್ತದೆಯೇ? ಆಯಮ್ಮನಿಗೆ ಉತ್ತರ ಸಿಕ್ಕಿತು. ಶೇಂಗಾ ಚೀಲ ನಮ್ಮ ಮನೆಯಲ್ಲೇ ಬಿಟ್ಟು ಹೋದರು.

ಆಮೇಲೆ ಅವರು ಮಾಡಿದ್ದನ್ನು ಯಾವ ಸಾಹೇಬರೂ ಮಾಡುವುದಿಲ್ಲ. ತಾವು ಕೊಟ್ಟ ಲೆಕ್ಕ ತಪ್ಪು, ಮತ್ತೆ ನೋಡಿಸಿ ಎಂದು ಮೇಲಿನವರಿಗೆ ಹೇಳಿದರು. ತಪ್ಪು ಅಂತ ಬೇರೆಯವರು ಹೇಳಲಿ, ನೀನೇ ಯಾಕೆ ಹೇಳಿಕೊಳ್ಳುತ್ತೀಯ ಎಂದು ಮೇಲಿನವರು ಬೈದರಂತೆ. ಆಯಮ್ಮ ಬಿಡಲಿಲ್ಲ. ಕೊನೆಗೆ ಬೇರೆ ಅಧಿಕಾರಿ ಬಂದ. ಈ ಸಲ ಕೇರಿಯವರಿಗೂ ಬುದ್ಧಿ ಬಂದಿತ್ತು, ಎಂದಿನ ಹಾಗೆ ಬೀಡಿ ಸೇದುತ್ತ ನೇಯ್ದರು. ಕೂಲಿ ಮೊದಲಿಗಿಂತ ಮೇಲೆ ಹೋಯಿತು. ಹೆಸರು ಬಂದದ್ದು ಆ ಅಧಿಕಾರಿಗೆ. ಆಯಮ್ಮನನ್ನು ಬೆಂಗಳೂರಿನಲ್ಲಿ ಯಾವುದೋ ಮೂಲೆಗೆ ಹಾಕಿದರು. ಅವರ ಕೈಕೆಳಗೆ ಇದ್ದವನು ಅವರಿಗೇ ಮೇಲಾದ.

ಒಮ್ಮೆ ಬಂದಾಗ ಹೇಳಿದರು: "ಕುರ್ಚಿ ದೊಡ್ಡದು ಅಕ್ಕ. ಕೆಲ್ಸ ಮಾತ್ರ ಯಾರೂ ಕೊಡಲ್ಲ."

"ನಾನು ಬಾಯಿ ಮುಚ್ಕೊಂಡಿದ್ರೆ ಚೆನ್ನಾಗಿರ್ತಿತ್ತಾ?"

"ನಂಗೆ ಚೆನ್ನಾಗಿರ್ತಿತ್ತು" ಎಂದರು. ನಕ್ಕರು ಎಂದು ಬರೆದರೆ ಸುಳ್ಳಾಗುತ್ತದೆ.

ಈ ವರ್ಷ ಆಯಮ್ಮ ತೀರಿಕೊಂಡರು. ಬೆಳಗ್ಗೆ ಬೀದಿಯಲ್ಲಿ ಮಗ್ಗದ ಹಾಸಿನ ನೂಲು ಉದ್ದಕ್ಕೆ ಎಳೆದು ಕಟ್ಟುತ್ತಿದ್ದ ಕೇರಿಯವರಿಗೆ ಹೇಳಿದೆ. "ಯಾರು, ಕೂಲಿ ಇಳಿಸಿದ ಅಮ್ಮನಾ?" ಎಂದ ಪಕ್ಕದ ಮನೆಯವನು.

ನಾನು ಯಜಮಾನರ ಮುಖ ನೋಡಿದೆ. ಇಷ್ಟು ವರ್ಷ ಬಾಯಿ ಬಿಡದ ಮನುಷ್ಯ ಅವತ್ತು ಬಿಟ್ಟರು. "ಇಳಿಸಿದ್ದು ನಾನು ಕಣ್ರೋ. ಗತ್ತಿಗೆ ಬಿದ್ದು ನೇಯ್ದೆ. ಆಯಮ್ಮ ನಂಬಿದ್ರು."

"ನೀನಾ ಮಾವ? ಒಂದು ಲಾಳಿಗೆ ಎರಡು ಬೀಡಿ ಸೇದೋನು ನೀನು" ಎಂದ ಅವನು. ಎಲ್ಲರೂ ನಕ್ಕು ನೂಲಿಗೆ ಕೈ ಹಾಕಿದರು.

ನಾವಿಬ್ಬರೂ ಚಳ್ಳಕೆರೆಗೆ ಹೋದೆವು. ಆಯಮ್ಮನ ತಂಗಿ ಬಾಗಿಲಲ್ಲಿ ನಿಂತು ಯಾರು ನೀವು ಎಂದರು.

"ಮೊಳಕಾಲ್ಮೂರಿನ ನೇಕಾರ್ರು ತಾಯಿ" ಎಂದರು ಇವರು. "ನಿಮ್ಮಕ್ಕ ಏರಿಸಿದ ಕೂಲಿ ತಿಂದೋರು."

ಆಕೆ ಇಬ್ಬರನ್ನೂ ನೋಡಿದರು. "ಏರಿಸಿದ್ದಾ? ನೇಕಾರರ ಅನ್ನ ಕಿತ್ಕೊಂಡುಬಿಟ್ಟೆ ಅಂತ ಕೊನೇವರೆಗೂ ಅಂತಿದ್ಲಲ್ಲ" ಎಂದರು.